ಭೋಂಗಾ ಕೂಗದ ನಾಲ್ಕು ದಿನ

ನಾನು ಬರೆದ ವರದಿಗಳಲ್ಲಿ ಒಂದರ ಮೊದಲ ವಾಕ್ಯ ಮಾತ್ರ ನನಗೆ ಇಂದಿಗೂ ಬಾಯಿಪಾಠ. ‘ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಶಹಾಬಾದಿನಲ್ಲಿ ಭೋಂಗಾ ಕೂಗಲಿಲ್ಲ.’ ಸಂಪಾದಕರಿಗೆ ಅದು ಹಿಡಿಸಿತ್ತು. ಉಳಿದ ವರದಿಗಾರರಿಗೂ ಅದನ್ನು ತೋರಿಸಿದರೆಂದು ಆಮೇಲೆ ತಿಳಿಯಿತು. ವಾಕ್ಯದಲ್ಲಿ ತಪ್ಪಿಲ್ಲ. ದಿನ, ಹೊತ್ತು, ಊರು, ಸಂಗತಿ ಎಲ್ಲ ಸರಿಯಾಗಿವೆ. ಆದರೆ ಕಾರ್ಖಾನೆಯ ಆ ಭೋಂಗಾ, ಆ ಸೈರನ್, ಕೂಗದಿದ್ದರೆ ನನ್ನ ಮನೆಯಲ್ಲಿ ಏನು ನಿಂತುಹೋಗುತ್ತದೆ ಎಂಬುದು ನನಗೆ ಗೊತ್ತಿರಬೇಕಿತ್ತು. ಹಾಗೆ ನಿಯಮ ಮಾಡಿದವನು ನಾನೇ. ಬರೆಯುವಾಗ ಅದು ನೆನಪಿಗೆ ಬರಲಿಲ್ಲ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಹೊಸದರ ಮಾತು. ನಾನು ಒಂದು ದಿನಪತ್ರಿಕೆಗೆ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಕಡೆಯ ಸುದ್ದಿ ಕಳಿಸುತ್ತಿದ್ದೆ. ಶಹಾಬಾದ ಸ್ಟೇಷನ್ನಿನ ಹಿಂದೆ ಎರಡು ಖೋಲಿಯ ಬಾಡಿಗೆ ಮನೆ. ಗೋಡೆ, ನೆಲ, ಮಾಳಿಗೆ ಎಲ್ಲವೂ ಪರಸಿ ಕಲ್ಲಿನವು. ಮನೆಯಲ್ಲಿ ಇದ್ದವರು ನಾನು ಮತ್ತು ನನಗಿಂತ ಎಂಟು ವರ್ಷ ದೊಡ್ಡವಳಾದ ಅಕ್ಕ.

ನಮ್ಮದು ಚಿಂಚೋಳಿ ತಾಲ್ಲೂಕಿನಲ್ಲಿ ಐನಾಪುರದ ಹತ್ತಿರದ ಹಳ್ಳಿ. ಅಕ್ಕನನ್ನು ಕುಂಚಾವರಂ ಕಡೆ ಕೊಟ್ಟಿದ್ದರು. ಮೂರನೆಯ ವರ್ಷದಲ್ಲಿ ಅವಳಿಗೆ ಮೂರ್ಛೆ ಬರತೊಡಗಿತು. ಅತ್ತೆಮನೆಯವರು ತಾಯತ ಕಟ್ಟಿಸಿದರು, ಹೊಗೆ ಹಾಕಿಸಿದರು, ಕೊನೆಗೆ ಒಂದು ಟ್ರಂಕಿನೊಡನೆ ನಮ್ಮ ಮನೆಗೆ ತಂದು ಬಿಟ್ಟರು. ತಂದೆ ತಾಯಿ ತೀರಿದ ಮೇಲೆ ನಾನು ಅವಳನ್ನು ಶಹಾಬಾದಿಗೆ ಕರೆತಂದೆ. ಆಗ ತಿಂಗಳಿಗೆ ಮೂರು ನಾಲ್ಕು ಸಲ ಬೀಳುತ್ತಿದ್ದಳು. ಒಲೆಯ ಹತ್ತಿರ ಹೋಗಕೂಡದೆಂದು ಹಳ್ಳಿಯಲ್ಲಿ ಎಲ್ಲರೂ ಕಟ್ಟುಮಾಡಿದ್ದರು. ನಾನೂ ಅದನ್ನೇ ಮುಂದುವರಿಸಿದೆ. ಇಬ್ಬರಿಗೂ ಖಾನಾವಳಿಯಿಂದ ಡಬ್ಬಿ ಬರುತ್ತಿತ್ತು. ಅಕ್ಕ ಅದರ ಮುಚ್ಚಳ ತೆಗೆದು, ರೊಟ್ಟಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, “ಇದು ರೊಟ್ಟಿ ಅಲ್ಲ ತಮ್ಮಾ, ಚಪ್ಪಲಿ ಅಟ್ಟಿ” ಎನ್ನುತ್ತಿದ್ದಳು. ನಮ್ಮ ಊರಲ್ಲಿ ಅವಳಷ್ಟು ತೆಳುವಾಗಿ ರೊಟ್ಟಿ ಬಡಿಯುವವರು ಇರಲಿಲ್ಲ. ಆ ಕೈಗಳು ಕೆಲಸವಿಲ್ಲದೆ ಮಡಿಲಲ್ಲಿ ಬಿದ್ದಿರುತ್ತಿದ್ದವು.

ಶಹಾಬಾದಿನ ಒಬ್ಬ ವೈದ್ಯರು ಅವಳಿಗೆ ಬಿಳಿ ಗುಳಿಗೆ ಬರೆದುಕೊಟ್ಟರು. ದಿನಕ್ಕೆ ಮೂರು. ಮೊದಲ ವಾರದಲ್ಲಿ ಎರಡು ಸಲ ಬಿದ್ದಳು. ಗುಳಿಗೆ ನಾಟುತ್ತಿಲ್ಲವೆಂದು ನಾನು ಕೇಳಿದಾಗ ವೈದ್ಯರು, “ಅವಸರ ಮಾಡಬ್ಯಾಡ್ರಿ. ಮೈಯಾಗ ಔಷಧಿ ನೆಲಿ ಆಗಬೇಕು. ಹತ್ತು ಹನ್ನೆರಡು ದಿನ ಹೋಗ್ಲಿ” ಎಂದರು. ಹಾಗೆಯೇ ಆಯಿತು. ಎರಡನೆಯ ವಾರದ ಕೊನೆಗೆ ಬೀಳುವುದು ಕಡಿಮೆಯಾಯಿತು.

ಹೊತ್ತು ತಪ್ಪಬಾರದೆಂದು ನಾನು ಗುಲ್ಬರ್ಗಾದಿಂದ ಗಂಟೆ ಬಾರಿಸುವ ಒಂದು ಗಡಿಯಾರ ತಂದೆ. ಮುಳ್ಳು ನೋಡಿ ಹೊತ್ತು ಹೇಳುವುದನ್ನು ಅಕ್ಕ ನಾಲ್ಕು ದಿನದಲ್ಲಿ ಕಲಿತಳು. ಅದಕ್ಕೆ ಕೀಲಿ ಕೊಡುವುದು ನನ್ನ ಕೆಲಸವಾಗಿತ್ತು. ನಾನು ಸುದ್ದಿಗೆಂದು ಸೇಡಂಗೋ ಕಾಳಗಿಗೋ ಹೋಗಿ ಒಂದು ದಿನ ತಡವಾದರೆ ಗಡಿಯಾರ ನಿಂತಿರುತ್ತಿತ್ತು. ಅಕ್ಕ ಬಿಸಿಲು ನೋಡಿ ಗುಳಿಗೆ ತೆಗೆದುಕೊಳ್ಳುತ್ತಿದ್ದಳು. ಮಳೆಗಾಲ ಬಂತು, ಬಿಸಿಲು ಹೋಯಿತು. ತೆಗೆದುಕೊಂಡೆನೋ ಇಲ್ಲವೋ ಎಂಬ ಅನುಮಾನ ಬಂದಾಗ ಮತ್ತೊಂದು ತೆಗೆದುಕೊಂಡಳು. ಮರೆತದ್ದು ನೆನಪಾದಾಗ ಎರಡು ಒಟ್ಟಿಗೆ ನುಂಗಿದಳು. ಎರಡು ವಾರ ಹೀಗೆ ನಡೆದದ್ದು ನನಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ನಳದ ಹತ್ತಿರ. ಅಕ್ಕ ಕೊಡ ಹೊತ್ತು ತೂರಾಡುತ್ತ ಬರುತ್ತಿದ್ದಳು. ನಾಲಿಗೆ ತೊದಲುತ್ತಿತ್ತು. ನೀರಿಗೆ ನಿಂತ ಹೆಂಗಸರಲ್ಲಿ ಒಬ್ಬಳು ಎಲ್ಲರಿಗೂ ಕೇಳುವಂತೆ ಹೇಳಿದಳು: “ಪೇಪರಿನವರ ಅಕ್ಕ ಬೆಳಿಗ್ಗೇನೇ ಸೇಂದಿ ಹಾಕ್ಯಾಳ ನೋಡ್ರಿ.”

ಇನ್ನೊಬ್ಬಳು, “ಕುಂಚಾವರಂ ಕಡೆಯಾಕಿ ಅಲ್ಲಾ, ಅಲ್ಲಿ ನೀರಿಗಿಂತ ಸೇಂದಿನೇ ಭಾಳ” ಎಂದಳು.

ಪಕ್ಕದ ಮನೆಯ ಚಾಚಿ ಮಾತ್ರ ಮುಂದೆ ಬಂದು ಕೊಡ ಇಳಿಸಿಕೊಂಡಳು. ಚಾಚಿಯ ಗಂಡ ಕಾರ್ಖಾನೆಯಲ್ಲಿ ಪಾಳಿಯ ಕೆಲಸಗಾರ. ಎರಡು ಮನೆಗೂ ನಡುವೆ ಎದೆಯೆತ್ತರದ ಒಂದೇ ಗೋಡೆ. “ನಿಮ್ಮ ನಾಲಿಗೀಗಿ ಹುಳ ಬೀಳ್ಲಿ, ಮೊದಲು ಆಕಿ ಕಣ್ಣು ನೋಡ್ರಿ” ಎಂದು ಹೆಂಗಸರನ್ನು ಗದರಿದಳು. ಅಕ್ಕನ ಕಣ್ಣಿನ ಗುಡ್ಡೆಗಳು ಒಂದೇ ಸಮನೆ ಅತ್ತಿತ್ತ ಅದುರುತ್ತಿದ್ದವು.

ಅಂದೇ ವೈದ್ಯರ ಹತ್ತಿರ ಹೋದೆವು. ಅವರ ದವಾಖಾನೆಯ ಕಿಟಕಿಯಾಚೆ ಒಂದು ಕಲ್ಲಿನ ಖಣಿ. ಅದರ ತಳದಲ್ಲಿ ನೀರು ಜಿನುಗುತ್ತಿತ್ತು. ಅದನ್ನು ಎತ್ತಿ ಹೊರಹಾಕಲು ಒಂದು ಡೀಸೆಲ್ ಇಂಜಿನ್ ಇಡೀ ದಿನ ಓಡುತ್ತಿತ್ತು. ವೈದ್ಯರು ನನ್ನನ್ನು ಬಿಟ್ಟು ಅಕ್ಕನ ಕಡೆಗೇ ತಿರುಗಿ ಮಾತಾಡಿದರು.

“ಆ ಇಂಜಿನ್ ಅದ ನೋಡ್ರಿ ತಾಯಿ, ಅದು ತಾಸಿಗೆ ಇಷ್ಟೇ ನೀರು ಎತ್ತತದ. ಖಣ್ಯಾಗ ನೀರು ಹೆಚ್ಚು ಬಂತು ಅಂತ ಅದು ಹೆಚ್ಚು ಎತ್ತಂಗಿಲ್ಲ. ಈಗ ದಿನಾ ಒಂದೀಟು ನೀರು ಹೆಚ್ಚು ಜಿನುಗಿದ್ರ ಏನಾಗ್ತದ?”

“ಖಣಿ ತುಂಬತದ್ರಿ.”

“ಒಂದೇ ದಿನಕ್ಕ?”

“ಇಲ್ರಿ. ದಿನಾ ಒಂದೊಂದು ಬೆರಳು ಏರ್ತದ.”

“ಹಂಗೇ ಇದು. ಗುಳಿಗಿ ಅಂದ್ರ ನೀರು, ನಿಮ್ಮ ಹೊಟ್ಟ್ಯಾಗಿನ ಕಲೇಜಿ, ಲಿವರ್ ಅಂತಾರಲ್ಲ, ಅದು ಇಂಜಿನ್. ದಿನಕ್ಕ ಮೂರು ಆದ್ರ ಬಂದಷ್ಟು ಎತ್ತತದ, ನೀರು ಒಂದೇ ಮಟ್ಟಕ್ಕ ನಿಲ್ತದ. ಆ ಮಟ್ಟ ಇರೋತನಕಾ ನಿಮಗ ಮೂರ್ಛಿ ಬರಂಗಿಲ್ಲ. ನಾಕು, ಐದು ತಗೊಂಡ್ರಿ. ಇಂಜಿನ್ ಸೋಲ್ತು. ನೀರು ಏರಿ ಏರಿ ಈಗ ಕಣ್ಣು, ನಾಲಿಗಿ, ಕಾಲು ತೂರಾಡ್ಲಿಕತ್ತಾವ.”

ಆಮೇಲೆ ನನ್ನ ಕಡೆ ನೋಡಿ ಇನ್ನೂ ಒಂದು ಮಾತು ಸೇರಿಸಿದರು. “ನೀರು ಬರೋದು ನಿಂತ್ರೂ ಇಂಜಿನ್ ನಿಲ್ಲಂಗಿಲ್ಲ ನೋಡ್ರಿ. ಮೂರು ನಾಕು ದಿನದಾಗ ತಳ ಕಾಣಸ್ತದ. ಒಂದು ತಾಸು, ಎರಡು ತಾಸು ಆಚೀಚಿ ಆದ್ರ ಏನೂ ಹೋಗಂಗಿಲ್ಲ, ಆದ್ರ ನಿಲ್ಲಬಾರದು.”

ಕೇಳಿದ್ದನ್ನು ಬರೆದುಕೊಳ್ಳುವುದು ನನ್ನ ರೂಢಿ. ಆ ಟಿಪ್ಪಣಿ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿ ಹೀಗಿದೆ: ‘ದಿನಕ್ಕೆ ಮೂರು. ಹೊತ್ತಿಗೆ ಸರಿಯಾಗಿ. ಹೆಚ್ಚಾಗಬಾರದು.’ ಅವರ ಕೊನೆಯ ಮಾತು ಅಲ್ಲಿಲ್ಲ. ಹೊತ್ತಿಗೆ ಸರಿಯಾಗಿ ಎಂದು ಅವರು ಹೇಳಿರಲಿಲ್ಲ, ಅದು ನಾನು ಸೇರಿಸಿದ್ದು. ಅಂದಿನ ಸುದ್ದಿ ಗುಳಿಗೆ ಹೆಚ್ಚಾದದ್ದು. ನಾನು ಸುದ್ದಿಯನ್ನಷ್ಟೇ ಬರೆದುಕೊಂಡೆ.

ಕಾರ್ಖಾನೆಯ ಭೋಂಗಾ ದಿನಕ್ಕೆ ಮೂರು ಸಲ ಕೂಗುತ್ತಿತ್ತು. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ. ಪಾಳಿ ಬದಲಾಗುವ ಕೂಗು. ಊರಿನವರು ಅದನ್ನು ಕೇಳಿಯೇ ಹಾಲು ಕಾಸುತ್ತಿದ್ದರು, ಅಂಗಡಿ ತೆರೆಯುತ್ತಿದ್ದರು, ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದರು. ಎಂಟು ತಾಸಿಗೊಂದು ಕೂಗು, ಎಂಟು ತಾಸಿಗೊಂದು ಗುಳಿಗೆ. ದವಾಖಾನೆಯಿಂದ ಮನೆಗೆ ಬರುವ ದಾರಿಯಲ್ಲಿಯೇ ಇದು ನನಗೆ ಹೊಳೆಯಿತು. ಬಹಳ ಒಳ್ಳೆಯ ಉಪಾಯವೆಂದು ತೋರಿತು. ಅದಕ್ಕೆ ಯಾರೂ ಕೀಲಿ ಕೊಡಬೇಕಾಗಿಲ್ಲ.

ಅಕ್ಕನನ್ನು ಎದುರಿಗೆ ಕೂಡಿಸಿಕೊಂಡು ಹೇಳಿದೆ: “ಭೋಂಗಾ ಆದ್ರ ಒಂದು ಗುಳಿಗಿ. ಭೋಂಗಾ ಆಗಲಾರದ ಸೀಸಾ ಮುಟ್ಟಬ್ಯಾಡ. ಏನೇ ಆಗ್ಲಿ.”

“ಮರ್ತ್ರ?”

“ಮರ್ತ್ರ ಬಿಟ್ಟುಬಿಡು. ಮುಂದಿನ ಭೋಂಗಾಕ್ಕ ಒಂದೇ ತಗೋ.”

“ಏನೇ ಆಗ್ಲಿ?”

“ಏನೇ ಆಗ್ಲಿ.”

ಅದನ್ನು ಅವಳಿಂದ ಮೂರು ಸಲ ಹೇಳಿಸಿದೆ. ನಳದ ಹತ್ತಿರ ಅನ್ನಿಸಿಕೊಂಡ ಮಾತು ಅವಳ ಮನಸ್ಸಿನಲ್ಲಿತ್ತು. ಇನ್ನೊಮ್ಮೆ ಹಾಗೆ ಅನ್ನಿಸಿಕೊಳ್ಳುವುದಕ್ಕಿಂತ ಸಾಯುವುದು ಮೇಲು ಎಂದು ಚಾಚಿಯ ಮುಂದೆ ಅಂದಿದ್ದಳಂತೆ. ಆದ್ದರಿಂದ ನಿಯಮವನ್ನು ಅವಳು ನನಗಿಂತ ಬಿಗಿಯಾಗಿ ಹಿಡಿದಳು. ಪ್ರತಿ ಭಾನುವಾರ ರಾತ್ರಿಯ ಭೋಂಗಾ ಆದ ಮೇಲೆ ನಾನು ಒಂದು ಸೀಸೆಗೆ ವಾರದ ಇಪ್ಪತ್ತೊಂದು ಗುಳಿಗೆ ತುಂಬಿ ಗೋಡೆಯ ಗೂಡಿನಲ್ಲಿ ಇಡುತ್ತಿದ್ದೆ. ಭೋಂಗಾ ಕೂಗಿತೆಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಏಳುತ್ತಿದ್ದಳು. ಮಾತಾಡುತ್ತಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಚಾಚಿ ಗೋಡೆಯ ಆಚೆಯಿಂದ ನಗುತ್ತಿದ್ದಳು. “ನಿಮ್ಮ ತಮ್ಮ ನಿಮಗ ಭೋಂಗಾದ ಜೋಡಿ ಲಗ್ನ ಮಾಡ್ಯಾನ ನೋಡ್ರಿ. ಅದು ಕರದ್ರ ಸಾಕು, ಓಡ್ತೀರಿ.”

“ಇದ್ದುದರಾಗ ಈ ಗಂಡನೇ ಛಲೋ ಅದಾನ,” ಅಕ್ಕ ಹೇಳುತ್ತಿದ್ದಳು. “ಹೊತ್ತಿಗಿ ಸರಿಯಾಗಿ ಕರೀತಾನ, ಬಡ್ಯಂಗಿಲ್ಲ.”

ಒಂದು ವರ್ಷ ಮೂರ್ಛೆ ಬರದಿದ್ದರೆ ಒಲೆಯ ಮುಂದೆ ಕೂಡಬಹುದೆಂದು ವೈದ್ಯರು ಹೇಳಿದ್ದರು. ಅಕ್ಕನಿಗೆ ಬೇರೆ ಆಸೆಗಳಿದ್ದದ್ದು ನನಗೆ ಗೊತ್ತಿಲ್ಲ. ಇದೊಂದು ಗೊತ್ತಿತ್ತು. ಗೋಡೆಯ ಮೇಲೆ ಇದ್ದಿಲಿನಿಂದ ತಿಂಗಳಿಗೊಂದು ಗೆರೆ ಎಳೆದಳು. ಹನ್ನೆರಡನೆಯ ಗೆರೆಯ ಮರುದಿನ ವೈದ್ಯರು ಹೂಂ ಎಂದರು. ಖಾನಾವಳಿಯ ಡಬ್ಬಿ ಬಿಡಿಸಿದೆವು. ಅವಳು ಮೊದಲ ದಿನ ಬಡಿದ ಜೋಳದ ರೊಟ್ಟಿ ನನಗೆ ನೆನಪಿದೆ. ಹಂಚಿನ ಮೇಲೆ ಹಾಕಿದ ಕೂಡಲೇ ಉಬ್ಬಿತು. ಅವಳು ನನ್ನ ಮುಖ ನೋಡಲಿಲ್ಲ, ರೊಟ್ಟಿಯನ್ನೇ ನೋಡುತ್ತಿದ್ದಳು. ಚಾಚಿಯ ಮನೆಗೂ ನಾಲ್ಕು ಹೋದವು. ಆಮೇಲಿನ ಐದು ತಿಂಗಳು ನಮ್ಮ ಮನೆಯಲ್ಲಿ ಬೆಳಗಾದರೆ ರೊಟ್ಟಿ ಬಡಿಯುವ ಸದ್ದು ಇತ್ತು.

ಆರನೆಯ ತಿಂಗಳಲ್ಲಿ ಹರತಾಳವಾಯಿತು.

ಯಾರ ಬೇಡಿಕೆ ಏನಿತ್ತು, ಅದರಲ್ಲಿ ಯಾವುದು ನ್ಯಾಯ ಎಂಬುದನ್ನೆಲ್ಲ ಆಗಲೇ ಬರೆದಿದ್ದೇನೆ. ಇಲ್ಲಿ ಅದು ಬೇಕಾಗಿಲ್ಲ. ಸೋಮವಾರ ಬೆಳಿಗ್ಗೆ ಆರಕ್ಕೆ ಮೊದಲೇ ನಾನು ಕಾರ್ಖಾನೆಯ ಬಾಗಿಲಲ್ಲಿದ್ದೆ. ಹೊತ್ತಾಯಿತು. ಜನ ರೂಢಿಯಂತೆ ತಲೆ ಎತ್ತಿ ಚಿಮಣಿಯ ಕಡೆ ನೋಡಿದರು. ಸದ್ದಿಲ್ಲ. ಅಲ್ಲೇ ನಿಂತು ಆ ಮೊದಲ ವಾಕ್ಯ ಬರೆದುಕೊಂಡೆ.

ಎಂಟು ಗಂಟೆಗೆ ಚಹಾಕ್ಕೆ ಮನೆಗೆ ಬಂದೆ. ಅಕ್ಕ ಹೊಸ್ತಿಲಲ್ಲಿ ನಿಂತಿದ್ದಳು.

“ಭೋಂಗಾ ಆಗಿಲ್ಲಲ್ಲ ತಮ್ಮಾ?”

“ಇವತ್ತು ಆಗಂಗಿಲ್ಲ. ಹರತಾಳ ಅದ.”

“ಮತ್ತ ಯಾವಾಗ ಆಗ್ತದ?”

“ಆದಾಗ ಆಗ್ತದ. ಅದು ನಮ್ಮ ಕೈಯಾಗ ಅದೇನು?”

ಅವಳು ತಲೆಯಾಡಿಸಿದಳು. ಅವಳಿಗೆ ಬೇಕಾದ ಉತ್ತರ ಸಿಕ್ಕಿತ್ತು. ಅವಳು ಕೇಳಿದ್ದು ಗುಳಿಗೆಯನ್ನು. ನಾನು ಹೇಳಿದ್ದು ಹರತಾಳವನ್ನು. ಮಧ್ಯಾಹ್ನದ ಹೊತ್ತಿಗೆ ವರದಿ ಬರೆದು ಮುಗಿಸಿ, ಲಕೋಟೆಯನ್ನು ಗುಲ್ಬರ್ಗಾಕ್ಕೆ ಹೋಗುವ ರೈಲಿನಲ್ಲಿ ಕಳಿಸಿದೆ.

ಮಂಗಳವಾರ ಇಡೀ ದಿನ ಹೊರಗಿದ್ದೆ. ಬುಧವಾರ ಮಧ್ಯಾಹ್ನ ಊಟಕ್ಕೆ ಬಂದೆ. ಅಕ್ಕ ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿದಳು. ನೀರು ಕೊಡುವಾಗ ಅವಳ ಕೈ ಒಮ್ಮೆ ಜಗ್ಗಿದಂತಾಗಿ ತಂಬಿಗೆ ಬಿತ್ತು. “ಕೈ ಜುಮ್ಮ ಅನ್ಲಿಕತ್ತದ” ಎಂದಳು. “ನಿದ್ದಿ ಕಡಿಮಿ ಆಗಿರಬೇಕು” ಎಂದೆ. ನಾನು ಕುಳಿತ ಜಾಗದ ಎದುರಿಗೇ ಗೂಡು. ಗೂಡಿನಲ್ಲಿ ಸೀಸೆ. ಭಾನುವಾರ ನಾನು ತುಂಬಿಟ್ಟಷ್ಟೂ ಅದರಲ್ಲಿ ಹಾಗೇ ಇತ್ತು, ಕುತ್ತಿಗೆಯವರೆಗೆ. ಅದನ್ನು ನೋಡಲಿಲ್ಲವೆಂದು ಹೇಳಿಕೊಳ್ಳಲು ಬಹಳ ವರ್ಷ ಪ್ರಯತ್ನಿಸಿದ್ದೇನೆ. ನೋಡಿದ್ದೆ. ಬಿಸಿಲು ಸೀಸೆಯ ಮೇಲೆ ಬಿದ್ದು ಬಿಳಿ ಗುಳಿಗೆಗಳು ಕಾಣುತ್ತಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಆ ಹೊತ್ತಿಗೆ ಅದರಲ್ಲಿ ಏಳು ಕಡಿಮೆಯಾಗಿರಬೇಕಿತ್ತು. ಕಂಡದ್ದನ್ನು ಗಮನಿಸುವುದೇ ನನ್ನ ಉದ್ಯೋಗವಾಗಿತ್ತು. ಆದರೆ ನನ್ನ ಗಮನ ಮರುದಿನ ಚಿತ್ತಾಪುರದಲ್ಲಿ ನಡೆಯಬೇಕಿದ್ದ ಹರತಾಳದ ಮಾತುಕತೆಯ ಮೇಲಿತ್ತು.

ಗುರುವಾರ ಚಿತ್ತಾಪುರದ ತಹಶೀಲ್ದಾರ ಕಚೇರಿಯ ಜಗಲಿಯಲ್ಲಿ ಕಾಯುತ್ತಿದ್ದೆ. ಹನ್ನೊಂದೂವರೆಯ ಸುಮಾರಿಗೆ ಚಾಚಿಯ ಗಂಡ ಬಂದರು. ಹರತಾಳದಲ್ಲಿದ್ದವರು, ಇಲ್ಲಿಗೇಕೆ ಬಂದರೆಂದು ನನಗೆ ತಿಳಿಯಲಿಲ್ಲ. ಅವರು ಬಸ್ಸಿಳಿದು ಓಡಿ ಬಂದಿದ್ದರು.

“ಅಕ್ಕಾರು ಒಲಿ ಮುಂದ ಬಿದ್ದಾರ್ರಿ,” ಎಂದರು. “ಕೈ ಕೆಂಡದಾಗ ಹೋಗ್ಯದ. ನಮ್ಮಾಕಿ ಗೋಡಿ ಜಿಗದು ಹೋಗಿ ಎಳದಾಳ. ಗುಲ್ಬರ್ಗಾಕ್ಕ ಒಯ್ದಾರ. ನಡೀರಿ.”

ನಾನು ಎದ್ದೆ. ಎದ್ದವನು ಒಳಗೆ ಹೋಗಿ, ಮಾತುಕತೆ ಮುರಿಯಿತೋ ಇಲ್ಲವೋ ಎಂದು ಗುಮಾಸ್ತರನ್ನು ಕೇಳಿದೆ. “ಮುರೀತು” ಎಂದರು. ಅದನ್ನು ಬರೆದುಕೊಂಡು ಹೊರಗೆ ಬಂದೆ. ಚಾಚಿಯ ಗಂಡ ಅಂಗಳದಲ್ಲಿ ನಿಂತು ನೋಡುತ್ತಿದ್ದರು.

ಗುಲ್ಬರ್ಗಾದ ದವಾಖಾನೆಯಲ್ಲಿ ಅಕ್ಕನಿಗೆ ಎಚ್ಚರವಾಗಿತ್ತು. ಬಲಗೈಯನ್ನು ಮೊಣಕೈಯವರೆಗೆ ಬಟ್ಟೆ ಸುತ್ತಿ ದಿಂಬಿನ ಮೇಲೆ ಇಟ್ಟಿದ್ದರು. ತುಟಿ ಕಚ್ಚಿಕೊಂಡು ಬಾತಿತ್ತು. ಎಳೆಯ ವಯಸ್ಸಿನ ವೈದ್ಯರೊಬ್ಬರು ಕಾಗದ ಹಿಡಿದು ಬಂದರು. ನಾನು ಮಂಚದ ಕಾಲ ಕಡೆ ನಿಂತಿದ್ದೆ.

“ಗುಳಿಗಿ ಬಿಟ್ಟಿದ್ರೇನು?”

ಅಕ್ಕ ನನ್ನ ಕಡೆ ನೋಡಿದಳು. ಭೋಂಗಾ, ನಿಯಮ, ಏನೇ ಆಗ್ಲಿ ಎಂದು ನಾನು ಹೇಳಿಸಿದ್ದು, ಸೋಮವಾರ ಹೊಸ್ತಿಲಲ್ಲಿ ಅವಳು ಕೇಳಿದ್ದು, ಎಲ್ಲ ಒಂದೇ ಸಲಕ್ಕೆ ನನಗೆ ಆಗಲೇ ತಿಳಿದದ್ದು. ನನಗೆ ತಿಳಿಯಿತೆಂದು ಅವಳಿಗೂ ತಿಳಿಯಿತು.

“ನಾನೇ ಮರ್ತೀನ್ರಿ,” ಎಂದಳು.

“ಎಷ್ಟು ದಿನ?”

“ನಾಕು ದಿನ ಆತ್ರಿ.”

“ನಾಕು ದಿನ ಮರೀತಾರೇನವ್ವಾ? ಮನ್ಯಾಗ ನೋಡಾವ್ರು ಯಾರೂ ಇಲ್ಲೇನು?”

“ನಮ್ಮ ತಮ್ಮಂದು ಪೇಪರಿನ ಕೆಲಸದ್ರಿ. ಆವ ಏನ್ ಮಾಡ್ತಾನ. ತಪ್ಪು ನಂದೇ.”

ವೈದ್ಯರು ಇಂಗ್ಲಿಷಿನಲ್ಲಿ ಬರೆದುಕೊಂಡರು. ಮೇಜಿನ ಆಚೆಯ ಕಾಗದವನ್ನು ತಲೆಕೆಳಗಾಗಿ ಓದುವುದು ನಮ್ಮ ಕಸುಬಿನವರಿಗೆ ಕಷ್ಟವಲ್ಲ. ರೋಗಿ ತಾನಾಗಿ ಔಷಧ ನಿಲ್ಲಿಸಿದ್ದಾಳೆ, ಔಷಧದ ವಿಷಯದಲ್ಲಿ ಅವಳ ಮೇಲೆ ಭರವಸೆ ಇಡುವಂತಿಲ್ಲ ಎಂದಿತ್ತು. ಎರಡೂ ತಪ್ಪು. ಪತ್ರಿಕೆಯಲ್ಲಿ ಒಂದು ಊರಿನ ಹೆಸರು ತಪ್ಪಾಗಿ ಅಚ್ಚಾದರೆ ಮರುದಿನ ತಿದ್ದುಪಡಿ ಹಾಕಿಸುವವನು ನಾನು. ಅಂದು ಬಾಯಿ ತೆರೆಯಲಿಲ್ಲ. ಹೇಳಿದ್ದರೆ ಅವರು ನನ್ನನ್ನು ನೋಡುತ್ತಿದ್ದ ರೀತಿ ಬೇರೆಯಾಗುತ್ತಿತ್ತು. ಕಾರಣ ಅಷ್ಟೇ.

ಅವಳು ಅಲ್ಲಿ ಒಂದು ತಿಂಗಳಿದ್ದಳು. ಮೂರ್ಛೆಯ ಗುಳಿಗೆ ಮತ್ತೆ ಆರಂಭವಾಯಿತು. ಮೈಯಲ್ಲಿ ಅದು ನೆಲೆಯಾಗಲು ಮತ್ತೆ ಹತ್ತು ಹನ್ನೆರಡು ದಿನ. ಅಷ್ಟರಲ್ಲಿ ಇನ್ನೆರಡು ಸಲ ಮೂರ್ಛೆ ಹೋದಳು. ಒಂದು ದಿನ ಕೇಳಿದಳು: “ಭೋಂಗಾ ಚಾಲೂ ಆತೇನು?”

“ಆತು.”

“ಹಂಗಾದ್ರ ಮನಿಗಿ ಹೋಗಮು.”

ಇನ್ನೊಂದು ದಿನ ನಾನು ಬರೆದದ್ದನ್ನು ಓದಿ ಹೇಳೆಂದಳು. ಪಕ್ಕದ ಮಂಚದವರು ಆ ವರದಿಯ ಮಾತೆತ್ತಿದ್ದರಂತೆ. ಓದಿದೆ. ಮೊದಲ ವಾಕ್ಯಕ್ಕೆ ಅವಳು ಕಣ್ಣು ಮುಚ್ಚಿಕೊಂಡಳು. ಮುಗಿದ ಮೇಲೆ, “ಖರೇ ಬರ್ದೀದಿ” ಎಂದಳು.

ಗಾಯ ಮಾಯಿತು. ಹೆಬ್ಬೆರಳೊಂದನ್ನು ಬಿಟ್ಟು ಬಲಗೈಯ ಬೆರಳುಗಳು ಒಳಕ್ಕೆ ಮಡಚಿಕೊಂಡೇ ಉಳಿದವು. ಅಂಗೈ ಅಗಲವಾಗದೆ ರೊಟ್ಟಿ ಬಡಿಯಲು ಬರುವುದಿಲ್ಲ. ಆದರೂ ಅವಳು ಎಡಗೈಯಲ್ಲಿ ಅಭ್ಯಾಸ ಮಾಡುತ್ತೇನೆ ಎಂದಳು. ಶಹಾಬಾದಿನ ವೈದ್ಯರು ಗುಲ್ಬರ್ಗಾದಿಂದ ತಂದ ಕಾಗದ ಓದಿ ಕನ್ನಡಕ ತೆಗೆದಿಟ್ಟರು.

“ನಿಮ್ಮ ಮ್ಯಾಲ ನನಗ ಭಾಳ ಭರೋಸಾ ಇತ್ತು ತಾಯಿ,” ಎಂದರು. ಆಮೇಲೆ ನನಗೆ: “ಇನ್ ಮ್ಯಾಲ ಸೀಸಾ ಈಕಿ ಕೈಯಾಗ ಕೊಡಬ್ಯಾಡ್ರಿ. ಕುಲುಪಿನಾಗ ಇಡ್ರಿ, ನೀವೇ ಕೊಡ್ರಿ. ಒಲಿ ಮಾತು ಎತ್ತಲೇಬ್ಯಾಡ್ರಿ.”

ಆಗಲೂ ಹೇಳಬಹುದಿತ್ತು. ಅವರಿಗೆ ಭೋಂಗಾದ ನಿಯಮ ಗೊತ್ತಿರಲಿಲ್ಲ. ಹೂಂ ಎಂದೆ.

ಸೀಸೆ ಕುಲುಪು ಹಾಕಿದ, ಬೀಗದ ಪುಟ್ಟ ಪೆಟ್ಟಿಗೆ ಸೇರಿತು. ಖಾನಾವಳಿಯ ಡಬ್ಬಿ ಮತ್ತೆ ಬಂತು. ಅಕ್ಕ ಅದರ ರೊಟ್ಟಿಯನ್ನು ಕುರಿತು ಏನೂ ಅನ್ನುವುದನ್ನು ಬಿಟ್ಟಳು. ದಿನಕ್ಕೆ ಮೂರು ಸಲ ನನ್ನ ಮುಂದೆ ಎಡಗೈ ಚಾಚುತ್ತಿದ್ದಳು, ನಾನು ಅದರಲ್ಲಿ ಒಂದು ಗುಳಿಗೆ ಇಡುತ್ತಿದ್ದೆ. ನಾನು ಬೇರೆ ಊರಿಗೆ ಹೋದ ದಿನ ಪೆಟ್ಟಿಗೆಯೂ ಬೀಗದ ಕೈಯೂ ಚಾಚಿಯ ಹತ್ತಿರ. ಆಗ ಗೋಡೆಯ ಮೇಲಿಂದ ಕೈ ಚಾಚುತ್ತಿದ್ದಳು. ಚಾಚಿ ಹಳೆಯ ತಮಾಷೆ ಮಾಡಲಿಲ್ಲ. ಒಮ್ಮೆ ನನಗೆ ಕೇಳುವಂತೆ ಅಂದಳು: “ಸಣ್ಣ ಕೂಸಿಗಿ ಪೆಪ್ಪರಮೆಂಟ್ ಕೊಟ್ಟಂಗ ಆಗ್ತದ್ರಿ ನನಗ. ಆಕಿ ಒಂದು ಭೋಂಗಾನೂ ತಪ್ಪಿಸಿದಾಕಿ ಅಲ್ಲ.” ಅವಳ ಗಂಡನೂ ಅವಳೂ ಎಷ್ಟು ಊಹಿಸಿದ್ದರೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ.

ಹೀಗೆ ಏಳು ವರ್ಷ.

ಶಹಾಬಾದಿನ ವೈದ್ಯರು ವಯಸ್ಸಾಗಿ ದವಾಖಾನೆ ಮುಚ್ಚಿದರು. ಸೇಡಂಗೆ ಹೊಸದಾಗಿ ಬಂದ ವೈದ್ಯೆಯೊಬ್ಬರ ಬಗ್ಗೆ ಒಳ್ಳೆಯ ಮಾತು ಕೇಳಿದ್ದೆ. ಅಕ್ಕನನ್ನು ಕರೆದುಕೊಂಡು ವಾಡಿಯಲ್ಲಿ ರೈಲು ಬದಲಿಸಿ ಅಲ್ಲಿಗೆ ಹೋದೆ. ಅವರು ಹಳೆಯ ಕಾಗದಗಳನ್ನೆಲ್ಲ ಮೊದಲಿನಿಂದ ಓದಿದರು. ಮೂರ್ಛೆ ಬಂದು ಎಷ್ಟು ದಿನವಾಯಿತೆಂದು ಕೇಳಿದರು. ದವಾಖಾನೆ ಬಿಟ್ಟ ಮೇಲೆ ಬಂದಿಲ್ಲ ಎಂದಳು ಅಕ್ಕ.

“ಮತ್ತ ದಿನಕ್ಕ ಮೂರು ಸಲ ಯಾಕ್ರಿ ಈ ಉಪದ್ವ್ಯಾಪ? ಈ ಔಷಧಿ ಮೈಯಾಗ ಒಂದು ದಿನಕ್ಕ ಅರ್ಧನೂ ಇಳ್ಯಂಗಿಲ್ಲ. ಮೂರೂ ಕೂಡಿಸಿ ರಾತ್ರಿ ಊಟ ಆದ ಮ್ಯಾಲ ಒಮ್ಮೆ ತಗೊಂಡ್ರೂ ನಡೀತದ. ತಾಸು ಎರಡು ತಾಸು ತಡ ಆದ್ರ ಇದಕ್ಕ ಗೊತ್ತೂ ಆಗಂಗಿಲ್ಲ. ನಾಕು ದಿನ ನಿಲ್ಲಿಸಿದ್ರ ಮಾತ್ರ ಗೊತ್ತಾಗ್ತದ,” ಎಂದು ಆ ಹಳೆಯ ಕಾಗದದ ಮೇಲೆ ಬೆರಳಿಟ್ಟರು. “ಇಲ್ಲಿ ಬರ್ದಾರಲ್ಲ. ಆವಾಗ ಯಾಕ ಬಿಟ್ರಿ?”

ಮೊದಲಿನ ವೈದ್ಯರೂ ಇದನ್ನೇ ಹೇಳಿದ್ದರು. ನಾನು ಹೊತ್ತಿಗೆ ಕಾವಲು ಕೂತೆ. ಪತ್ರಿಕೆಯ ಕೆಲಸದಲ್ಲಿ ಹೊತ್ತು ಮೀರಿದ ಸುದ್ದಿ ಸುದ್ದಿಯೇ ಅಲ್ಲ. ಅದನ್ನೇ ಅಕ್ಕನ ಮೈಗೂ ಹೇರಿದ್ದೆ. ಅವಳ ಮೈಗೆ ಬೇಕಾದದ್ದು ಹೊತ್ತಲ್ಲ, ಮಟ್ಟ ಇಳಿಯದಂತೆ ದಿನವೂ ಒಂದಿಷ್ಟು ಬೀಳುತ್ತಿರುವುದು. ಭೋಂಗಾ ಯಾವತ್ತೂ ಬೇಕಾಗಿರಲಿಲ್ಲ.

“ಮರ್ತಿದ್ದೆರಿ,” ಅಕ್ಕ ಹೇಳಿದಳು.

“ಇಲ್ರಿ,” ನಾನು ಹೇಳಿದೆ.

ಆಮೇಲೆ ಎಲ್ಲ ಹೇಳಿದೆ. ಸುದ್ದಿ ಹೇಳುವ ಕ್ರಮದಲ್ಲಿಯೇ ಹೇಳಿದೆ, ಬೇರೆ ಕ್ರಮ ನನಗೆ ಬರುವುದಿಲ್ಲ. ನಿಯಮ ಮಾಡಿದ್ದು, ಹೇಳಿಸಿದ್ದು, ಹೊಸ್ತಿಲಲ್ಲಿ ಕೇಳಿದ್ದು, ಸೀಸೆ ಕಂಡದ್ದು, ದವಾಖಾನೆಯಲ್ಲಿ ಸುಮ್ಮನೆ ನಿಂತದ್ದು. ಅಕ್ಕ ನೆಲ ನೋಡುತ್ತ ಕುಳಿತಿದ್ದಳು. ವೈದ್ಯೆ ಪೆನ್ನಿನ ಮುಚ್ಚಳ ತೆಗೆದರು.

“ಇಷ್ಟು ವರ್ಷ ಯಾಕ ಹೇಳಲಿಲ್ಲ?”

ಉತ್ತರಕ್ಕೆ ಅವರು ಕಾಯಲಿಲ್ಲ. ಹಳೆಯ ಸಾಲಿನ ಮೇಲೆ ಗೆರೆ ಎಳೆದು ಬದಿಗೆ ಏನೋ ಬರೆದರು. ನಾನು ಅದನ್ನು ಓದಲು ಹೋಗಲಿಲ್ಲ. ಒಂದು ತಿಂಗಳ ಗುಳಿಗೆಯ ಸೀಸೆಯನ್ನು ನನ್ನ ಕಡೆ ಚಾಚಿ, ತಡೆದು, ಅಕ್ಕನ ಮುಂದೆ ಇಟ್ಟರು.

“ತಗೋರಿ. ನಿಮ್ಮ ಹತ್ರನೇ ಇರ್ಲಿ. ರಾತ್ರಿ ಊಟ ಆದ ಮ್ಯಾಲ ಮೂರು. ಒಲಿ ಮುಂದ ಕುಂದ್ರಬೇಕಾದ್ರ ಕುಂದ್ರಿ, ಆದ್ರ ಒಬ್ಬರೇ ಇದ್ದಾಗ ಬ್ಯಾಡ.”

ಅಕ್ಕ ಸೀಸೆಯನ್ನು ಎಡಗೈಯಲ್ಲಿ ತೆಗೆದುಕೊಂಡು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. ಗಂಟು ಹಾಕಲು ಬಲಗೈಯ ಹೆಬ್ಬೆರಳು ಮತ್ತು ಹಲ್ಲು ಬಳಸಿದಳು. ನಾನು ನೆರವಾಗಲು ಕೈ ಮುಂದೆ ಮಾಡಿದೆ. ಬೇಡವೆಂದು ತಲೆಯಾಡಿಸಿದಳು.

ವಾಡಿಯಲ್ಲಿ ಶಹಾಬಾದಿನ ರೈಲಿಗೆ ಒಂದು ತಾಸು ಕಾಯಬೇಕಿತ್ತು. ಪ್ಲಾಟ್‌ಫಾರಂ ಬೆಂಚಿನ ಮೇಲೆ ಕುಳಿತೆವು.

“ಆವತ್ತ ನಾ ಆ ಸುಳ್ಳು ನಿನಗ ಕೊಟ್ಟಿದ್ದು ಒಂದು ದಿನದ ಸಲುವಾಗಿ ತಮ್ಮಾ,” ಎಂದಳು. “ಮಂದಿ ಮುಂದ ನಿನ್ನ ಮುಖ ಸಣ್ಣದು ಆಗಬಾರದಂತ. ಮನಿಗಿ ಹೋದ ಮ್ಯಾಲ ನೀನೇ ಹೇಳ್ತಿ ಅಂದ್ಕೊಂಡಿದ್ದೆ. ನೀ ಏಳು ವರ್ಷ ಇಟ್ಕೊಂಡಿ.”

ನಾನು ಹೂಂ ಎಂದೆ.

“ಮೊದಲನೇ ವರ್ಷ ಹೇಳಿದ್ರ ಎಡಗೈ ಕಲೀತಿತ್ತು. ಈಗ ಅದಕ್ಕೂ ವಯಸ್ಸಾತು.”

ಅದಕ್ಕೂ ಹೂಂ ಎಂದೆ. ಅವಳು ಸಿಟ್ಟಿನಲ್ಲಿ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅದು ನನ್ನ ಕಸುಬೆಂದು ನಾನು ತಿಳಿದಿದ್ದೆ.

ಎರಡು ಗಂಟೆಯಾಯಿತು. ಊರಿನ ಕಡೆ ಎಲ್ಲಿಂದಲೋ ಪಾಳಿಯ ಭೋಂಗಾ ಕೂಗಿತು. ಅಕ್ಕನ ಎಡಗೈ, ರೂಢಿಯಂತೆ, ಅಂಗೈ ಮೇಲೆ ಮಾಡಿ ನನ್ನ ಕಡೆಗೆ ಬಂತು. ನನ್ನ ಕೈಯೂ ಜೇಬಿಗೆ ಹೋಯಿತು. ಅಲ್ಲಿ ಬೀಗದ ಕೈ ಮಾತ್ರ ಇತ್ತು. ಅವಳು ತನ್ನ ಕೈಯನ್ನು ಒಂದು ಗಳಿಗೆ ನೋಡಿ, ಹಿಂದಕ್ಕೆ ತೆಗೆದುಕೊಂಡು, ಸೆರಗಿನ ಗಂಟಿನ ಮೇಲೆ ಇಟ್ಟುಕೊಂಡಳು. ಭೋಂಗಾ ಪೂರ್ತಿ ಕೂಗಿ ನಿಲ್ಲುವವರೆಗೆ ಹಾಗೆಯೇ ಕುಳಿತಿದ್ದಳು.